ಹಕ್ಕಿಗೆ ಹಾಕಿದ ಗುಡ್ಲು

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿನ್ನೆ ಚಪ್ಪರ ಹಾಕುತ್ತಿದ್ದರು. ಶಾಮಿಯಾನದವರ ಬಣ್ಣದ ಬಟ್ಟೆಯೇನೋ ಬಂದಿತ್ತು, ಆದರೂ ಶಾಸ್ತ್ರಕ್ಕಿರಲಿ ಎಂದು ಬಾಗಿಲ ಎದುರು ಒಂದಿಷ್ಟು ಹಸಿ ತೆಂಗಿನ ಗರಿ ಕಟ್ಟುತ್ತಿದ್ದರು. ಹಾಲು ತರಲು ಹೊರಟಿದ್ದವನು ಆ ವಾಸನೆಗೆ ನಿಂತುಬಿಟ್ಟೆ. ಈಗಷ್ಟೇ ಕಡಿದ ಗರಿಯ ವಾಸನೆ ನಿಮಗೂ ಗೊತ್ತಿರಬಹುದು, ಸ್ವಲ್ಪ ಸಿಹಿ, ಸ್ವಲ್ಪ ಒಗರು. ನಮ್ಮ ತಿಪಟೂರು ಕಡೆಯವರಿಗೆ ಅದು ಮೂಗಿಗೆ ಬಡಿದರೆ ಯಾರದೋ ಮದುವೆ ನೆನಪಾಗುತ್ತದೆ. ನನಗೆ ಮಾತ್ರ ಯಾರೋ ಕೆನ್ನೆಗೆ ಅರಿಶಿನ ಬಳಿದಂತಾಗಿ, ಕೈ ತಾನಾಗಿ ಮುಖ ಒರೆಸಿಕೊಳ್ಳುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಈ ಕಥೆಯನ್ನು ನನ್ನ ಬಾಯಿಂದ ಕೇಳದ ನೆಂಟರು ಯಾರೂ ಉಳಿದಿಲ್ಲ. ಕೆಲವರು ನಾನು ಗಂಟಲು ಸರಿಮಾಡಿಕೊಂಡ ಕೂಡಲೇ ಕೈ ತೊಳೆಯಲು ಏಳುತ್ತಾರೆ. ನೀವಾದರೂ ಹೊಸಬರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತಿಪಟೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಮದುವೆ ನಿಶ್ಚಯವಾದಾಗ ಮಾವನವರು, ವಾಚು ಕೊಡಿಸಲೋ ಸೈಕಲ್ಲು ಕೊಡಿಸಲೋ ಎಂದು ಕೇಳಿದ್ದರು. ಆ ಕಾಲದ ಅಳಿಯಂದಿರ ಕನಸು ಈ ಎರಡರ ಆಚೆ ಹೋಗುತ್ತಿರಲಿಲ್ಲ. ನಾನು ಕ್ಯಾಮೆರಾ ಎಂದೆ. ಪಾಪ, ಅವರು ಬೆಂಗಳೂರಿಗೆ ಹೋಗಿ ಯಾರ‍್ಯಾರನ್ನೋ ವಿಚಾರಿಸಿ, ಚರ್ಮದ ಚೀಲದಲ್ಲಿ ಕೂತ ಒಂದು ಕರಿ ಡಬ್ಬವನ್ನು ತಂದುಕೊಟ್ಟರು. ಸೈಕಲ್ಲು ಕೇಳಿದ್ದರೆ ಹಿಂದೆ ಕೂತು ಸಿನಿಮಾಕ್ಕಾದರೂ ಹೋಗಬಹುದಿತ್ತು ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಕ್ಯಾಮೆರಾ ಇದ್ದವನು ಅಕ್ಕಪಕ್ಕದವರ ಮಕ್ಕಳ ಫೋಟೋ ತೆಗೆದುಕೊಟ್ಟು ಸುಲಭವಾಗಿ ಒಳ್ಳೆಯವನೆನ್ನಿಸಿಕೊಳ್ಳಬಹುದು. ನಾನು ಕಲಾವಿದನಾಗಲು ಹೊರಟೆ. ಮನುಷ್ಯರ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ, ನಾನು ತೆಗೆಯುವುದು ಹಕ್ಕಿ ಮತ್ತು ಮರ ಮಾತ್ರ ಎಂದು ಸಾರಿಬಿಟ್ಟೆ. ಹಾಗೆ ಸಾರಿದ ಮೇಲೆ ಹಕ್ಕಿ, ಮರ ಹುಡುಕಿಕೊಂಡು ಹೋಗಲೇಬೇಕಲ್ಲ? ನಾವಿದ್ದ ಬಾಡಿಗೆ ಮನೆಯ ಹಿಂದೆ ಇದ್ದದ್ದು ಒಂದು ನುಗ್ಗೆಗಿಡ ಮತ್ತು ಕಾಗೆಗಳು. ಹೀಗಾಗಿ ಭಾನುವಾರ ಬಂತೆಂದರೆ ಹೊನ್ನವಳ್ಳಿ ಬಸ್ಸು ಹತ್ತಿ ಅಕ್ಕನ ಊರಿಗೆ ಹೋಗುತ್ತಿದ್ದೆ.

ಅಕ್ಕನನ್ನು ಕೊಟ್ಟದ್ದು ತೋಟದ ಮನೆಯವರಿಗೆ. ಹಿತ್ತಲ ಬಾಗಿಲು ತೆಗೆದರೆ ಬಾವಿ, ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು, ಒಂದು ಹಲಸು, ಎರಡು ಹೊಂಗೆ, ದಾಸವಾಳ, ಕರಿಬೇವು, ಅದರಾಚೆ ಕಣ್ಣು ಹೋಗುವಷ್ಟು ದೂರ ತೆಂಗು. ಹೂವಿಗೆ ಸೂರಕ್ಕಿ, ಹಲಸಿನ ಮರಕ್ಕೆ ಕಾಜಾಣ, ಬಾವಿಯ ರಾಟೆಯ ಮೇಲೆ ಮಿಂಚುಳ್ಳಿ. ಇವೆಲ್ಲ ನಾನು ಬರಿಗೈಯಲ್ಲಿ ಹೋದಾಗ ಎದುರಿಗೇ ಕುಳಿತು ಮೈ ಕೆರೆದುಕೊಳ್ಳುತ್ತಿದ್ದವು. ಕ್ಯಾಮೆರಾದ ಚರ್ಮದ ಚೀಲದ ಗುಂಡಿ ಬಿಚ್ಚಿದ ಟಕ್ ಶಬ್ದ ಕೇಳಿದರೆ ಮುಗಿಯಿತು, ಪಕ್ಕದ ತೋಟಕ್ಕೆ ಗುಳೆ ಹೋಗುತ್ತಿದ್ದವು.

ಇನ್ನು ಮರ. ಮರ ಹಾರಿಹೋಗುವುದಿಲ್ಲ ಎಂಬ ಧೈರ್ಯದಿಂದ ತೆಂಗಿನ ಮರಕ್ಕೆ ಕೈ ಹಾಕಿದೆ. ತೆಂಗಿನ ಮರವನ್ನು ಕ್ಯಾಮೆರಾದೊಳಗೆ ಹಿಡಿಸಿದವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ. ಹತ್ತಿರ ನಿಂತರೆ ಬರೀ ಕಂಬ, ದೂರ ಹೋದರೆ ನಡುವೆ ಇನ್ನೊಂದು ತೆಂಗಿನ ಮರ. ಬುಡವೊಂದು, ತಲೆಯೊಂದು ಎಂದು ಬೇರೆ ಬೇರೆ ತೆಗೆದು ಅಂಟಿಸೋಣವೆಂದುಕೊಂಡೆ. ತಲೆಯ ಚಿತ್ರದಲ್ಲಿ ಬಿಸಿಲು ಹೊಡೆದು ಬರೀ ಬೆಳ್ಳಗೆ ಬಂತು. ಉಳಿದ ಬುಡದ ಚಿತ್ರವನ್ನೇ ಅಕ್ಕನ ಅತ್ತೆಗೆ ತೋರಿಸಿದೆ. ಅವರನ್ನು ಮನೆಯವರೂ ಊರವರೂ ಅಜ್ಜಿ ಎಂದೇ ಕರೆಯುತ್ತಿದ್ದದ್ದು. ಅಜ್ಜಿ ಚಿತ್ರವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ತಲೆ ಎಲ್ಲೋಯ್ತಪ್ಪ ಮರದ್ದು? ಸುಳಿ ಹೋದ ಮರಾನ ಮನೆ ಒಳಿಕ್ಕೆ ತರಬಾರ್ದು ಕಣಪ್ಪ, ಆಚೆಗ್ ಮಡುಗು" ಎಂದರು. ಅಷ್ಟು ಸಾಲದೆ, ಚೆನ್ನಾಗಿ ಕಾಯಿ ಬಿಡುವ ಮರಕ್ಕೆ ನನ್ನ ಡಬ್ಬದ ಕಣ್ಣು ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ತಂದು ಮರಕ್ಕೆ ದೃಷ್ಟಿ ತೆಗೆದರು.

ತಿಪಟೂರಿನಲ್ಲಿ ನನ್ನ ರೋಲು ತೊಳೆದುಕೊಡುತ್ತಿದ್ದ ಸ್ಟುಡಿಯೋದವನು ಮಾತ್ರ ಮರ್ಯಾದಸ್ಥ. ಮೊದಮೊದಲು, "ಹಕ್ಕಿ ಎಲ್ಲಿದೆ ಸಾರ್?" ಎಂದು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟು, ನಾನೇ ಕೆಂಪು ಶಾಯಿಯಲ್ಲಿ ಬಾಣದ ಗುರುತು ಹಾಕಿಕೊಳ್ಳಲಿ ಎಂದು ಪೆನ್ನು ಮುಂದೆ ಮಾಡುತ್ತಿದ್ದ. ನನ್ನ ಆಲ್ಬಮ್ಮಿನ ತುಂಬ ಬಾಣಗಳು. ಮಿಂಚುಳ್ಳಿ ಎಂದು ನಾನು ಬಾಣ ಹಾಕಿದ್ದ ಜಾಗದಲ್ಲಿ ಕೂತಿರುವುದು ಬಾವಿಕಟ್ಟೆಯ ಮೇಲೆ ಮರೆತಿಟ್ಟ ಸೋಪಿನ ಡಬ್ಬಿ ಎಂದು ಕಂಡುಹಿಡಿದವಳು ನನ್ನ ಅಕ್ಕನ ಮಗಳು ಶಾರಿ.

ಶಾರಿ ಆಗ ಹತ್ತನೇ ಕ್ಲಾಸು. ಬೆಳಿಗ್ಗೆ ಬಸ್ಸು ಹತ್ತಿ ತಿಪಟೂರಿನ ಹೈಸ್ಕೂಲಿಗೆ ಹೋಗಿ ಸಂಜೆ ಬರುತ್ತಿದ್ದಳು. ಆ ಮನೆಯ ಹೆಣ್ಣುಮಕ್ಕಳಲ್ಲಿ ಅಷ್ಟು ದೂರ ಓದಿದವಳು ಅವಳೇ ಮೊದಲು. ಅದಕ್ಕೂ ಒಂದು ಗಡಿಯಿತ್ತು. ಹೆಣ್ಣು ದೊಡ್ಡವಳಾದ ಮೇಲೆ ಬಸ್ಸು ಹತ್ತಬಾರದು ಎಂಬುದು ಮನೆಯ ಕಟ್ಟಳೆ. ಭಾವನ ತಂಗಿಯರೆಲ್ಲ ಮೈನೆರೆದ ದಿನ ಪುಸ್ತಕ ಅಟ್ಟಕ್ಕೆ ಹಾಕಿದವರು. ಕಟ್ಟಳೆಯನ್ನು ಕಾಯುತ್ತಿದ್ದವರು ಅಜ್ಜಿ. ಶಾರಿಗೋ ಹತ್ತನೇ ಕ್ಲಾಸು ಮುಗಿಸಿ ಮೇಷ್ಟರಾಗಬೇಕೆಂಬ ಆಸೆ. ಅಕ್ಕನಿಗೆ ಅವಳಿಗಿಂತ ಹೆಚ್ಚು ಆಸೆ.

ತಿಂಗಳಿಗೊಮ್ಮೆ ಶಾರಿ ಊರಿಗೆ ಹೋಗದೆ ನಮ್ಮ ಮನೆಯಲ್ಲೇ ಮೂರು ನಾಲ್ಕು ದಿನ ಉಳಿಯುತ್ತಿದ್ದಳು. ಮಾವ ಗಣಿತ ಚೆನ್ನಾಗಿ ಹೇಳಿಕೊಡುತ್ತಾರೆ ಎಂದು ಅಕ್ಕ ಕಳಿಸುತ್ತಿದ್ದಳು. ನಾನು ಎದೆಯುಬ್ಬಿಸಿಕೊಂಡು ಬೀಜಗಣಿತ ಹೇಳಿಕೊಡುತ್ತಿದ್ದೆ. ಎಷ್ಟೋ ಲೆಕ್ಕ ನನ್ನ ಕೈಯಲ್ಲಿ ಬಿಡಿಸಲಾಗುತ್ತಿರಲಿಲ್ಲ. ಶಾರಿ ಸುಮ್ಮನೆ ತಲೆಯಾಡಿಸಿ, ನಾನು ಆ ಕಡೆ ಹೋದ ಮೇಲೆ ತಾನೇ ಬಿಡಿಸಿಕೊಳ್ಳುತ್ತಿದ್ದಳು. ಆದರೂ ಕಚೇರಿಯಲ್ಲಿ, ನಮ್ಮಕ್ಕನ ಮಗಳು ಗಣಿತಕ್ಕೆ ನನ್ನ ಹತ್ತಿರವೇ ಬರೋದು ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಆ ಚಳಿಗಾಲದಲ್ಲಿ ಅಕ್ಕನ ಹಿತ್ತಲಿಗೆ ಚಂದ್ರಮುಕುಟ ಬರತೊಡಗಿತು. ತಲೆಯ ಮೇಲೆ ಬೀಸಣಿಗೆಯ ಹಾಗೆ ಜುಟ್ಟು ಬಿಚ್ಚುತ್ತದಲ್ಲ, ಆ ಹಕ್ಕಿ. ಒಗೆಯುವ ಕಲ್ಲಿನ ಪಕ್ಕದ ಹಸಿ ನೆಲದಲ್ಲಿ ಕೊಕ್ಕು ಚುಚ್ಚುತ್ತ ಓಡಾಡುವುದು. ನಾನು ಎಷ್ಟು ಮೆಲ್ಲಗೆ ಹೋದರೂ ಹಾರುವುದು. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ, ಹಕ್ಕಿಗಳ ಫೋಟೋ ತೆಗೆಯುವವರು ಸೊಪ್ಪಿನ ಮರೆ ಕಟ್ಟಿಕೊಂಡು ಅದರೊಳಗೆ ಗಂಟೆಗಟ್ಟಲೆ ಕೂರುತ್ತಾರೆ ಎಂದು ಓದಿದ್ದೆ. ಚಿತ್ರವೂ ಇತ್ತು. ಇದೇನು ಮಹಾ ಕಷ್ಟ ಎಂದುಕೊಂಡೆ.

ಒಂದು ಶನಿವಾರವೇ ಹೋಗಿ ಉಳಿದುಕೊಂಡೆ. ಭಾವ ಹಂದನಕೆರೆಯ ನೆಂಟರ ಮನೆಗೆ ಹೋಗಿದ್ದರು. ಹೆಣೆಯಲೆಂದು ಅವರು ಕಡಿಸಿ ಹಾಕಿದ್ದ ಹಸಿ ಗರಿಯ ರಾಶಿ ಹಿತ್ತಲಲ್ಲೇ ಇತ್ತು. ಭಾನುವಾರ ಬೆಳಗಾಗುತ್ತಿದ್ದಂತೆ, ಅಕ್ಕ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವಾಗ, ನಾಲ್ಕು ಗಳ ನೆಟ್ಟು, ಸುತ್ತ ಗರಿ ಕಟ್ಟಿ, ಮೇಲೆ ಗರಿ ಬಾಗಿಸಿ, ಸಂದುಗಳಿಗೆಲ್ಲ ಹೊಂಗೆ ಸೊಪ್ಪು ಚುಚ್ಚಿದೆ. ದೂರ ನಿಂತು ನೋಡಿದರೆ ಬಹಳ ಅಚ್ಚುಕಟ್ಟಾಗಿ ಕಂಡಿತು. ಆ ಪತ್ರಿಕೆಯ ಇಂಗ್ಲಿಷಿನವನ ಮರೆಗಿಂತ ಚೆನ್ನಾಗಿದೆ ಎನ್ನಿಸಿತು. ಒಳಗೆ ಮಣೆ ಹಾಕಿಕೊಂಡು ಕುಳಿತೆ.

ನಿಮಗೆ ಇಷ್ಟರಲ್ಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ನಮ್ಮ ಕಡೆ ಹುಡುಗಿ ಮೈನೆರೆದರೆ ಹಸಿ ಗರಿ, ಸೊಪ್ಪು ತಂದು ಗುಡ್ಲು ಹಾಕುತ್ತಾರೆ. ಅದರಲ್ಲಿ ಹುಡುಗಿಯನ್ನು ಕೂರಿಸಿ ಆರತಿ ಎತ್ತುತ್ತಾರೆ. ಆ ಗುಡ್ಲನ್ನು ಹಾಕಬೇಕಾದವನು ಹುಡುಗಿಯ ಸೋದರಮಾವ. ಅಂಥ ಗುಡ್ಲುಗಳನ್ನು ನೋಡುತ್ತಲೇ ಬೆಳೆದವನು ನಾನು. ಆದರೂ, ಹತ್ತನೇ ಕ್ಲಾಸಿನ ಹುಡುಗಿಯಿರುವ ಮನೆಯ ಹಿತ್ತಲಲ್ಲಿ, ಅವಳ ಸೋದರಮಾವನಾದ ನಾನು ಬೆಳ್ಳಂಬೆಳಿಗ್ಗೆ ಹಸಿರು ಗುಡ್ಲು ಹಾಕಿದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬ ಯೋಚನೆ ಈ ತಲೆಗೆ ಬರಲಿಲ್ಲ. ತಲೆಯ ತುಂಬ ಚಂದ್ರಮುಕುಟವಿತ್ತು.

ನಾನು ಸೊಪ್ಪು ಚುಚ್ಚುತ್ತಿದ್ದುದನ್ನು ಬೇಲಿಯಾಚೆಯ ಮನೆಯ ರಂಗಮ್ಮ ನೋಡಿದ್ದಳಂತೆ. ಅವಳು ನೋಡಿದರೆ ಸಾಕು, ಬೇರೆ ಡಂಗೂರ ಬೇಡ.

ಒಳಗೆ ಕೂತ ನನ್ನ ಕಾಲು ಜೋಮು ಹಿಡಿದಿತ್ತು. ಬೆನ್ನ ಮೇಲೆ ಕಟ್ಟಿರುವೆ ಹರಿಯುತ್ತಿತ್ತು. ಆದರೆ ಬಂತು ನೋಡಿ, ಚಂದ್ರಮುಕುಟ ಬಂತು! ಒಗೆಯುವ ಕಲ್ಲನ್ನು ಸುತ್ತಿಕೊಂಡು ನೇರ ನನ್ನ ಕಡೆಗೇ ನಡೆದುಬಂತು. ಜುಟ್ಟು ಬಿಚ್ಚಿತು. ರೋಲಿನಲ್ಲಿ ಉಳಿದಿದ್ದದ್ದು ಒಂದೇ ಒಂದು ಚಿತ್ರ. ಉಸಿರು ಬಿಗಿಹಿಡಿದು ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಸೋಬಾನೆ ಪದ ಕೇಳಿಬಂತು. ಹಕ್ಕಿ ಹಾರಿಹೋಯಿತು.

ಗರಿಯ ಸಂದಿಯಿಂದ ನೋಡಿದರೆ ಬೀದಿಯ ಹೆಂಗಸರೆಲ್ಲ ತಟ್ಟೆ ಹಿಡಿದು ಬರುತ್ತಿದ್ದಾರೆ. ತಟ್ಟೆಗಳಲ್ಲಿ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ಉಂಡೆ, ಹೂವು. ಯಾರ ಮನೆಗೋ ಹೋಗುತ್ತಿರಬೇಕು, ನಾನು ಅಲ್ಲಾಡದೆ ಕೂತರೆ ದಾಟಿಹೋಗುತ್ತಾರೆ, ಹಕ್ಕಿ ಮತ್ತೆ ಬರುತ್ತದೆ ಎಂದುಕೊಂಡೆ. ಅವರು ದಾಟಲಿಲ್ಲ. ಗುಡ್ಲಿನ ಬಾಯಿಗೇ ಬಂದು ನಿಂತರು. ಮುಂದೆ ರಂಗಮ್ಮನ ಅತ್ತೆ, ಕಣ್ಣು ಮಂಜಾದ ಮುದುಕಿ. ಗರಿ ಸರಿಸಿ ಕೈ ಒಳಗೆ ತೂರಿಸಿದವರೇ, "ಎಲ್ಲಿ ನನ್ನವ್ವ, ಮಕ ತೋರ್ಸು" ಎಂದು ನನ್ನ ಎರಡೂ ಕೆನ್ನೆಗೆ ಅರಿಶಿನ ಬಳಿದುಬಿಟ್ಟರು. ಮೀಸೆ ಕೈಗೆ ಸಿಕ್ಕಿದ ಮೇಲೆ ಕೂಗಿಕೊಂಡರು.

"ಅಯ್ಯೋ ನನ್ನ ಶಿವನೇ, ಗುಡ್ಲು ಹಾಕ್ದೋನೇ ಒಳಗ್ ಕೂತವ್ನಲ್ರೇ!" ಎಂದಳು ರಂಗಮ್ಮ. ಹೆಂಗಸರು ನಕ್ಕ ನಗುವಿಗೆ ಹೊಂಗೆಮರದ ಕಾಗೆಗಳೂ ಎದ್ದವು. ಗದ್ದಲ ಕೇಳಿ ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಬಂದರು. ಅರಿಶಿನ ಮೆತ್ತಿಕೊಂಡು ಕ್ಯಾಮೆರಾ ಹಿಡಿದು ನಿಂತಿದ್ದ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಯಾರಿಗಪ್ಪ ಹಾಕ್ದೆ ಗುಡ್ಲ?"

"ಹಕ್ಕಿಗೆ ಅಜ್ಜಿ."

"ಹಕ್ಕಿಗಾ?" ಎಂದರು ಅಜ್ಜಿ.

ನಾನೂ ನಗುತ್ತಲೇ ಇದ್ದೆ. ಅಷ್ಟರಲ್ಲಿ ಯಾರೋ ರಟ್ಟೆ ಹಿಡಿದು ಕೊಟ್ಟಿಗೆಯೊಳಕ್ಕೆ ಎಳೆದುಕೊಂಡರು. ನೋಡಿದರೆ ಅಕ್ಕ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಲೇ, ನಿನ್ ಕ್ಯಾಮ್ರಾ ಮನೆ ಹಾಳಾಗ! ಎಂಥ ಕೆಲ್ಸ ಮಾಡ್ಬುಟ್ಯೋ?"

"ನಾನೇನೇ ಮಾಡ್ದೆ? ಶಾರಿಗೆ ಇನ್ನೂ ಏನೂ ಆಗಿಲ್ಲ ಅಂದ್ರೆ ಮುಗೀತಲ್ಲ."

"ಆಗೈತೆ ಕಣೋ. ಗೌರಿಹಬ್ಬದಾಗೇ ಆಗೈತೆ."

"ಗೌರಿಹಬ್ಬದಲ್ಲಾ?" ಎಂದೆ ನಾನು.

"ತಿಂಗ್ಳು ತಿಂಗ್ಳೂ ನಿಮ್ಮನೀಗೆ ಯಾಕ್ ಕಳಿಸ್ತಿದ್ದೆ ಅಂದ್ಕಂಡಿದ್ದೀಯ?"

"ಗಣಿತಕ್ಕೆ..."

"ನಿನ್ ಗಣಿತಕ್ಕೆ ಬೆಂಕಿ ಹಾಕ! ನಿನ್ ಹೆಂಡ್ತೀನ ಕೇಳೋಗು." ಅಕ್ಕನ ಕಣ್ಣಲ್ಲಿ ನೀರು ಬಂತು. "ಇನ್ನೇನ್ ಪರೀಕ್ಷೆ ಹತ್ರ ಬಂತು. ಈಗ ಅತ್ತೆ ಅವಳ್ನ ಕರ್ದು ಕೇಳಿದ್ರೆ ಆ ಹುಡ್ಗಿಗೆ ಸುಳ್ಳು ಹೇಳಕ್ ಬರಲ್ಲ. ನಾಳಿಂದ ಬಸ್ ಹತ್ತಂಗಿಲ್ಲ. ಅಷ್ಟೇಯ, ಮುಗೀತು."

ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಮೊದಲು ಚುಚ್ಚಿದ್ದು ಗಣಿತ. ಆಮೇಲೆ ಕೊಟ್ಟಿಗೆಯ ಕಿಂಡಿಯಿಂದ ಶಾರಿ ಕಂಡಳು. ಹಿತ್ತಲ ಬಾಗಿಲಲ್ಲಿ, ಎದೆಗೆ ಪುಸ್ತಕ ಅವುಚಿಕೊಂಡು, ಅಲ್ಲಿ ಸೇರಿದ್ದ ತಟ್ಟೆಗಳನ್ನೆಲ್ಲ ನೋಡುತ್ತ ನಿಂತಿದ್ದಳು. ಬಸ್ಸು ತಪ್ಪಿಹೋದವರು ಖಾಲಿ ರಸ್ತೆಯನ್ನು ನೋಡುವ ಹಾಗೆ ನೋಡುತ್ತಿದ್ದಳು.

ಹೊರಗೆ ಓಡಿಬಂದವನೇ ಭಾಷಣ ಶುರುಮಾಡಿದೆ. ಹಕ್ಕಿಗಳ ಬಗ್ಗೆ, ಫೋಟೋ ಬಗ್ಗೆ, ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ಮನುಷ್ಯರು ಹೀಗೆಯೇ ಸೊಪ್ಪಿನ ಗುಡ್ಲಲ್ಲಿ ದಿನಗಟ್ಟಲೆ ಕೂರುವುದರ ಬಗ್ಗೆ. ಚಂದ್ರಮುಕುಟ ನಡೆಯುವುದು ಹೇಗೆಂದು ಕತ್ತು ಮುಂದೆ ಹಿಂದೆ ಮಾಡಿ ನಡೆದು ತೋರಿಸಿದೆ. ಅರಿಶಿನ ಮೆತ್ತಿದ ಮುಖದಲ್ಲಿ ಅದು ಹೇಗೆ ಕಂಡಿತೋ, ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೆದ್ದೆ ಎಂದುಕೊಂಡೆ. ಆದರೆ ರಂಗಮ್ಮ ಬಿಡುವವಳಲ್ಲ.

"ಅದೆಲ್ಲ ಸರಿ ಕಣಜ್ಜಿ. ಶಾರಿ ವಾರಗೆ ಹುಡ್ಗೀರೆಲ್ಲ ಆದ್ರು. ಹೆಂಗೂ ಎಲ್ರೂ ಬಂದಿವಿ, ಒಂದ್ ಮಾತು ಕರ್ದು ಕೇಳ್ಬಾರ್ದಾ?"

ಎಲ್ಲರೂ ಶಾರಿಯ ಕಡೆ ತಿರುಗಿದರು. ಅಜ್ಜಿಯೂ ತಿರುಗಿದರು. ಅಕ್ಕ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರು ಇಳಿಯಿತು. ಅಜ್ಜಿ ಬೇಲಿಯ ಕಡೆ ಹೋಗಿ ಎಲೆಯಡಿಕೆ ಉಗಿದು ಬಂದರು.

"ಅದು ಬಂದಾಗ ಬತ್ತದೆ, ನಿಂಗ್ಯಾಕವ್ವ ಅವಸ್ರ? ಮೊದ್ಲು ಈ ಗುಡ್ಲಿಗೊಂದು ದಾರಿ ಮಾಡನ ಬುಡು."

ನಾನು ತಕ್ಷಣ ಕಟ್ಟು ಬಿಚ್ಚಲು ಹೋದೆ. "ಮುಟ್ಬ್ಯಾಡ!" ಎಂದರು ಅಜ್ಜಿ. "ಹಸಿರು ಗುಡ್ಲು ಹಾಕಿ ಬರಿದಾಗಿ ಬಿಚ್ಚಿದ್ರೆ ಮನೇಗಾಗಲ್ಲ. ಒಂದ್ ಹೆಣ್ಣು ಕೂತು ಆರತಿ ಆಗೇ ಏಳ್ಬೇಕು."

ಹಾಗೆಂದವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯ ಮೇಲೆ ಕೈಯೂರಿ ಬಗ್ಗಿ, ಗುಡ್ಲಿನೊಳಕ್ಕೆ ಹೋಗಿ ನನ್ನ ಮಣೆಯ ಮೇಲೆ ಕುಳಿತರು.

"ಅಜ್ಜೀ, ನೀವಾ?"

"ಯಾಕೆ, ನಾನ್ ಹೆಣ್ಣಲ್ವಾ? ಲಂಗ ಕಟ್ಟಕ್ ಬರ‍್ದೇ ಇದ್ದಾಗ್ಲೇ ಮದ್ವೆ ಮಾಡಿ ಈ ಮನೀಗ್ ತಂದ್ ಬುಟ್ರು. ನಂಗ್ಯಾವ ಸೋದ್ರಮಾವ ಗುಡ್ಲು ಹಾಕಿದ್ದ? ಈಗ ಪುಕ್ಸಟ್ಟೆ ಸಿಕ್ಕೈತೆ, ಕೂತ್ಕತೀನಿ. ಎತ್ರವ್ವ ಆರತಿಯ."

ಆಮೇಲೆ ನಡೆದ ಸಂಭ್ರಮವನ್ನು ನಾನು ಎಷ್ಟು ಹೇಳಿದರೂ ಸಾಲದು. ಅಜ್ಜಿಗೆ ಅರಿಶಿನ ಹಚ್ಚಿದರು, ಮಡಿಲಿಗೆ ಚಿಗಳಿ ತುಂಬಿದರು, ನಕ್ಕು ನಕ್ಕು ಸೋಬಾನೆಯ ಪದವೇ ತಪ್ಪಿಹೋಯಿತು. ಯಾರೋ ಜಗಲಿಗೆ ಹೋಗಿ ತಾತನಿಗೆ, "ತಾತಾ, ನಿಮ್ ಹೆಂಡ್ರು ದೊಡ್ಡೋರಾದ್ರು!" ಎಂದು ಕೂಗಿದರು. ತಾತ, "ಈಗಲಾದ್ರೂ ಆದ್ಲಲ್ಲ ಬುಡು" ಎಂದರಂತೆ. ನಾನು ಹಕ್ಕಿಗೆಂದು ಕಾದಿರಿಸಿದ್ದ ಕೊನೆಯ ಚಿತ್ರದಲ್ಲಿ ಅಜ್ಜಿಯನ್ನು ತೆಗೆದೆ. ಆ ಡಬ್ಬದಲ್ಲಿ ನಾನು ತೆಗೆದ ಚಿತ್ರಗಳಲ್ಲಿ, ಯಾವುದು ಏನೆಂದು ನೋಡಿದವರಿಗೆ ತಿಳಿಯುವ ಚಿತ್ರ ಅದೊಂದೇ. ಭಾವ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು.

ಶಾರಿ ಪರೀಕ್ಷೆಗೆ ಕೂತಳು, ಪಾಸಾದಳು. ಗಣಿತದಲ್ಲಿ ನಾನು ಹೇಳಿಕೊಟ್ಟದ್ದಕ್ಕಿಂತ ಹೆಚ್ಚೇ ತೆಗೆದಳು. ಪರೀಕ್ಷೆ ಮುಗಿದ ಮೇಲೆ ಅಕ್ಕ ಹೆದರುತ್ತ ಹೆದರುತ್ತ, ಶಾರಿ ಈಗ ದೊಡ್ಡವಳಾದಳು ಎಂದು ಅತ್ತೆಯ ಮುಂದೆ ಹೇಳಿದಳಂತೆ. ಅಜ್ಜಿ, "ಸರಿ" ಎಂದು ಮೊರದಲ್ಲಿದ್ದ ರಾಗಿಯ ಕಲ್ಲು ಆರಿಸುವುದನ್ನು ಮುಂದುವರಿಸಿದರಂತೆ. ಗುಡ್ಲು ಹಾಕಲು ನನಗೆ ಹೇಳಿಕಳಿಸಲೂ ಇಲ್ಲ. ಒಂದು ಶಾಸ್ತ್ರವನ್ನೂ ಬಿಡದ ಹೆಂಗಸು ಇದನ್ನು ಹೇಗೆ ಮರೆತರು ಎಂದು ನನಗೆ ಸೋಜಿಗವಾಗಿತ್ತು. ವಯಸ್ಸಾಯಿತು, ಪಾಪ, ಎಂದುಕೊಂಡೆ. ಫಲಿತಾಂಶ ಬಂದ ಮೇಲೆ ಶಾರಿ ಟೀಚರ್ ತರಬೇತಿಗೆ ಸೇರುತ್ತೇನೆಂದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಅವಳು ಮೇಷ್ಟರಾದಳು, ಈಚೆಗೆ ನಿವೃತ್ತಳೂ ಆದಳು. ಇಷ್ಟು ವರ್ಷವೂ ಮದುವೆ ಮನೆ, ನಾಮಕರಣ ಎಂದು ಎಲ್ಲಿ ಹೋದರೂ, ನನ್ನ ಸಮಯಸ್ಫೂರ್ತಿಯ ಒಂದು ಭಾಷಣದಿಂದ ಹೇಗೆ ಅಜ್ಜಿಯ ಕಣ್ಣಿಗೆ ಮಣ್ಣೆರಚಿ ಒಂದು ಹುಡುಗಿಯ ಓದು ಉಳಿಸಿದೆ ಎಂದು ಹೇಳಿಕೊಂಡು ಬಂದಿದ್ದೇನೆ. ಚಂದ್ರಮುಕುಟದ ನಡಿಗೆಯನ್ನೂ ಮಾಡಿ ತೋರಿಸುತ್ತೇನೆ. ಮಂಡಿ ನೋವು ಬಂದ ಮೇಲೆ ಅದು ಇನ್ನೂ ಚೆನ್ನಾಗಿ ಬರುತ್ತದೆ.

ಇದನ್ನು ಬರೆಯುತ್ತ ಒಂದು ಅನುಮಾನ ಬಂತು. ಗುಡ್ಲಿಗೆ ಚುಚ್ಚಿದ್ದು ಹೊಂಗೆ ಸೊಪ್ಪೋ ಬೇವಿನ ಸೊಪ್ಪೋ ಎಂದು. ಇಂಥದ್ದಕ್ಕೆಲ್ಲ ಶಾರಿಯೇ ಸರಿ. ಇವತ್ತು ಮಧ್ಯಾಹ್ನ ಫೋನು ಮಾಡಿ, ಬರೆಯುತ್ತಿರುವುದನ್ನು ಹೇಳಿ ಕೇಳಿದೆ.

"ಹೊಂಗೆ ಮಾವ" ಎಂದಳು. ಆಮೇಲೆ, "ಬರೀತಿದ್ದೀರಾ? ಹಾಗಾದ್ರೆ ನಿಮಗೊಂದು ಹೇಳಿಬಿಡ್ತೀನಿ" ಎಂದಳು.

"ಏನೇ ಅದು?"

"ಮಾರನೇ ದಿನ ಸೋಮವಾರ. ಯಾವತ್ತೂ ಅಮ್ಮನೇ ನಂಗೆ ಜಡೆ ಹಾಕೋದು. ಅವತ್ತು ಅಜ್ಜಿ ಕರೆದು ಕೂರಿಸಿಕೊಂಡ್ರು. ಜಡೆ ಹೆಣೀತಾ ಕಿವಿ ಹತ್ರ ಬಗ್ಗಿ ಹೇಳಿದ್ರು, 'ನೆನ್ನೆ ನಾನ್ ಕೂತಿದ್ದು ನಿನ್ ಬದ್ಲಿಗೆ ಕಣೇ. ನಿನ್ ಶಾಸ್ತ್ರ ಮುಗೀತು. ಯಾರಾನ ಕೇಳಿದ್ರೆ ಇನ್ನೂ ಇಲ್ಲ ಅನ್ನು. ಬಸ್ ಬತ್ತದೆ, ಹೋಗು.'"

"ಅವರಿಗೆ ಯಾವಾಗ ಗೊತ್ತಾಯ್ತು?" ಎಂದೆ.

"ಮೊದಲಿಂದ್ಲೂ ಗೊತ್ತಿತ್ತು ಮಾವ. ಒಂದೇ ಮನೇಲಿದ್ದು ಗೊತ್ತಾಗಲ್ವಾ? ಊರಿಗೆ ಗೊತ್ತಾಗೋವರೆಗೂ ಸುಮ್ಮನಿರೋಣ ಅಂದ್ಕೊಂಡಿದ್ರಂತೆ. ನೀವು ಗುಡ್ಲು ಹಾಕಿಬಿಟ್ರಲ್ಲ."

"ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಖುಷಿಯಾಗಿ ಹೇಳ್ತಿದ್ರಿ. ಕೆಡಿಸಕ್ಕೆ ಮನಸ್ಸು ಬರ್ಲಿಲ್ಲ" ಎಂದಳು ಶಾರಿ.

ಫೋನಿಟ್ಟೆ. ಅಳು ಬಂತು, ಮುಚ್ಚಿಡುವುದೇನು. ಮದುವೆಯಾಗಿ ಬಂದ ದಿನದಿಂದ ಆ ಮನೆಯ ಕಟ್ಟಳೆಯನ್ನು ಕಾದ ಹೆಂಗಸು, ಊರೆಲ್ಲ ನಗಲಿ ಎಂದು ತಾವೇ ಹೋಗಿ ಕೂತಿದ್ದರು. ನಾನು ಎದುರಿಗೇ ನಿಂತು, ಕಣ್ಣಿಗೆ ಕ್ಯಾಮೆರಾ ಹಿಡಿದು, ಸ್ವಲ್ಪ ನಗಿ ಅಜ್ಜಿ ಎಂದಿದ್ದೆ. ಅವರಿಗೆ ಒಂದು ಮಾತು ಹೇಳಬೇಕು ಎನ್ನಿಸಿತು, ಹೇಳಲು ಅವರಿಲ್ಲ. ಇನ್ನು ಈ ಕಥೆ ಹೇಳುವುದಾದರೆ ಭಾಷಣವನ್ನು ಬಿಟ್ಟು, ಅಜ್ಜಿ ಸೆರಗು ಸಿಕ್ಕಿಸಿದಲ್ಲಿಂದ ಹೇಳಬೇಕು. ಮೊದಲು ಮನೆಯಿಂದಲೇ ಶುರುಮಾಡೋಣ ಎಂದು ಎದ್ದು ಅಡಿಗೆಮನೆಗೆ ಹೋದೆ. ನನ್ನ ಹೆಂಡತಿ ಬಾಳೆಕಾಯಿ ಹೆಚ್ಚುತ್ತಿದ್ದಳು. ನನ್ನ ಮುಖವನ್ನೊಮ್ಮೆ ನೋಡಿ ಕತ್ತಿ ಕೆಳಗಿಟ್ಟಳು.

"ಅಂತೂ ಹೇಳಿಬಿಟ್ಲಾ ಶಾರಿ?" ಎಂದಳು.